ಗಾಡಿ ಪ್ರಶ್ನೋತ್ತರ: ಕಾರ್ಬ್ಯುರೇಟರ್ ಕಳಚಿ ಇಂಜೆಕ್ಷನ್ ಹಾಕುವ ಮೊದಲು

ಪ್ರಶ್ನೆ: ನನ್ನ ಹತ್ತಿರ 1994ರ ಕಾಂಟೆಸಾ ಕ್ಲಾಸಿಕ್ ಇದೆ. 1.8 ಇಸುಜು ಪೆಟ್ರೋಲ್ ಇಂಜಿನ್. ಬೇಸಗೆಯಲ್ಲಿ ಕಾಸರಗೋಡು ಪೇಟೆಯ ಬ್ಲಾಕಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಬಂದ್ ಬೀಳುತ್ತದೆ, ತಣಿಯದೆ ಸ್ಟಾರ್ಟ್ ಆಗುವುದಿಲ್ಲ. ಸಂಪಾಜೆ ಘಾಟಿ ಹತ್ತುವಾಗ ಕಪ್ಪು ಹೊಗೆ, ಪಿಕಪ್ ಇಲ್ಲ. ಇಂಜೆಕ್ಷನ್ ಹಾಕಿಸಿದರೆ ಸರಿಹೋದೀತೇ? ಏನೆಲ್ಲ ಬೇಕು?
– ಓದುಗರು, ಬದಿಯಡ್ಕ

ಉತ್ತರ: ಕಾರ್ಬ್ಯುರೇಟರ್ ಎಂದರೆ ಗಾಳಿಯ ಎಳೆತದಿಂದಲೇ ಪೆಟ್ರೋಲು ಬೆರೆಸುವ ಹಳೆ ಸಾಧನ, ಇಂಜೆಕ್ಷನ್ ಎಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲು ಚಿಮ್ಮಿಸುವ ಏರ್ಪಾಡು. ನಿಮ್ಮ ಎರಡು ಉಪದ್ರಗಳಿಗೆ ಕಾರಣ ಬೇರೆ ಬೇರೆ. ಇಂಜಿನಿನ ಮೈಗೆ ಕೂತಿರುವ ಮೆಕ್ಯಾನಿಕಲ್ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರಬೇಕು. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ, ಬಾನೆಟ್ ಒಳಗೆ ಬಿಸಿ ಜಾಸ್ತಿ. ಪೆಟ್ರೋಲು ಪೈಪಿನಲ್ಲೇ ಕುದಿದು ಆವಿಯಾಗುತ್ತದೆ, ಆವಿಯನ್ನು ತಳ್ಳಲು ಆ ಪಂಪಿಗೆ ಆಗುವುದಿಲ್ಲ. ಇಂಜೆಕ್ಷನ್ನಿನಲ್ಲಿ ಪಂಪು ಟ್ಯಾಂಕಿನ ಒಳಗಿದ್ದು 3 ಬಾರ್ ಒತ್ತಡದಲ್ಲಿ ತಳ್ಳುವುದರಿಂದ ಈ ಕುದಿತ ಬಹುಮಟ್ಟಿಗೆ ನಿಲ್ಲುತ್ತದೆ. ಘಾಟಿಯ ಹೊಗೆಯನ್ನು ಮಾತ್ರ ಪೂರ್ತಿ ಎತ್ತರದ ತಲೆಗೆ ಕಟ್ಟಬೇಡಿ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ನೂರಕ್ಕೆ ಹನ್ನೆರಡರಷ್ಟು ಕಡಿಮೆ. ಗಾಳಿ ತೆಳುವಾದ ಪ್ರಮಾಣದಲ್ಲಿ ಕಾರ್ಬ್ಯುರೇಟರ್ ಪೆಟ್ರೋಲನ್ನು ಕಡಿಮೆ ಮಾಡುವುದಿಲ್ಲ ನಿಜ. ಆದರೆ ಕಣ್ಣಿಗೆ ಕಾಣುವಷ್ಟು ಕಪ್ಪು ಹೊಗೆ ಬರಬೇಕಾದರೆ ಹೆಚ್ಚಾಗಿ ಚೋಕ್ ಫ್ಲ್ಯಾಪ್ (ಕಾರ್ಬ್ಯುರೇಟರಿಗೆ ಗಾಳಿ ತಡೆಯುವ ತಗಡು) ಅರ್ಧ ಮುಚ್ಚಿ ಸಿಕ್ಕಿಕೊಂಡಿರಬೇಕು, ಇಲ್ಲವೆ ಫ್ಲೋಟ್ ಮಟ್ಟ (ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ) ಏರಿರಬೇಕು. ಅದನ್ನು ಈ ವಾರವೇ ನೋಡಿಸಿ.

ಹಾಗೆಯೇ ಕಂಪ್ರೆಶನ್ (ಸಿಲಿಂಡರಿನೊಳಗೆ ಹಿಂಡಿದ ಗಾಳಿಯ ಒತ್ತಡ) ಅಳೆಸಿ. ನಾಲ್ಕು ಸಿಲಿಂಡರುಗಳ ನಡುವೆ ವ್ಯತ್ಯಾಸ ಶೇ. 10ಕ್ಕಿಂತ ಹೆಚ್ಚಿದ್ದರೆ ಇಂಜೆಕ್ಷನ್ನಿಗೆ ಇಡುವ ದುಡ್ಡು ದಂಡ, ಮೊದಲು ಇಂಜಿನ್ ಕೆಲಸ ಮಾಡಿಸಿ. ಸವೆದ ಇಂಜಿನನ್ನು ಯಾವ ಕಂಪ್ಯೂಟರೂ ಎತ್ತಿ ನಿಲ್ಲಿಸುವುದಿಲ್ಲ.

ನಿಮಗೊಂದು ಅನುಕೂಲ ಇದೆ. ಇದೇ 1817 ಸಿಸಿ ಇಸುಜು ಇಂಜಿನಿಗೆ ಹಿಂದುಸ್ತಾನ್ ಮೋಟಾರ್ಸ್‌ನವರೇ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್ ಇರುವ ಇಂಜೆಕ್ಷನ್) ಹಾಕಿ ಅಂಬಾಸಿಡರ್ 1800 ಐಎಸ್‌ಝಡ್‌ನಲ್ಲಿ ಮಾರಿದ್ದಾರೆ. ಗುಜರಿಗೆ ಬಿದ್ದ ಅಂತಹ ಟ್ಯಾಕ್ಸಿಯ ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ), ಥ್ರಾಟಲ್ ಬಾಡಿ (ಗಾಳಿ ಎಷ್ಟು ಹೋಗಬೇಕೆಂದು ತಡೆಯುವ ಭಾಗ), ಫ್ಯುಯೆಲ್ ರೈಲ್ (ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಪೈಪು) ಒಟ್ಟಿಗೆ ಸಿಕ್ಕಿದರೆ ಬಿಡಬೇಡಿ. ದುಡ್ಡು ಕೊಡುವ ಮೊದಲು ನಿಮ್ಮ ಹೆಡ್ಡಿನ ಗ್ಯಾಸ್ಕೆಟನ್ನು ಮ್ಯಾನಿಫೋಲ್ಡಿಗೆ ಹಿಡಿದು ಪೋರ್ಟು, ಬೋಲ್ಟ್ ತೂತು, ನೀರಿನ ದಾರಿ ಮೂರೂ ಕೂಡುತ್ತವೆಯೇ ನೋಡಿ. ಸಿಗದಿದ್ದರೆ ಹಳೆಯ ಮ್ಯಾನಿಫೋಲ್ಡಿನಲ್ಲೇ ಪ್ರತಿ ಪೋರ್ಟಿಗೆ ಇಂಜೆಕ್ಟರ್ ಕೂರುವ ಬುಷ್ ಬೆಸುಗೆ ಹಾಕಿಸಬಹುದು. ಅಲ್ಯೂಮಿನಿಯಂ ಟಿಗ್ ವೆಲ್ಡಿಂಗ್ ಗೊತ್ತಿರುವ ಲೇತ್‌ನವರೇ ಆಗಬೇಕು. ಬೆಸುಗೆಯಾದ ಮೇಲೆ ಹೆಡ್ಡಿಗೆ ಕೂರುವ ಮುಖವನ್ನು ಮಟ್ಟ ಮಾಡಿಸದಿದ್ದರೆ ಗಾಳಿ ಎಳೆಯುತ್ತದೆ.

ಇಂಜೆಕ್ಟರಿನ ಅಳತೆಗೆ ಲೆಕ್ಕ ಇದು. ಒಂದು ಅಶ್ವಶಕ್ತಿಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲು. ನಿಮ್ಮದನ್ನು 88 ಅಶ್ವಶಕ್ತಿ ಎಂದು ಹಿಡಿದರೆ 44 ಪೌಂಡ್. ನಾಲ್ಕಕ್ಕೆ ಹಂಚಿ, ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂದು 0.8ರಿಂದ ಭಾಗಿಸಿದರೆ 13.75 ಪೌಂಡ್, ಅಂದರೆ ನಿಮಿಷಕ್ಕೆ ಸುಮಾರು 145 ಸಿಸಿ. 150ರಿಂದ 190 ಸಿಸಿಯ ಒಳಗಿನದು ಸಾಕು. ದೊಡ್ಡದು ಹಾಕಿದರೆ ಶಕ್ತಿ ಏರುವುದಿಲ್ಲ, ಐಡ್ಲಿಂಗ್ ಮಾತ್ರ ಕೆಡುತ್ತದೆ. ಎಲ್ಲ ಶಕ್ತಿ ಬಳಸಿದರೂ ಗಂಟೆಗೆ 27 ಲೀಟರಿನಷ್ಟೇ ಬೇಕಾಗುವುದರಿಂದ ಗಂಟೆಗೆ 80–100 ಲೀಟರ್ ತಳ್ಳುವ ಮಾಮೂಲಿ ಪಂಪು ಧಾರಾಳ.

ಇನ್ನು ಟ್ಯಾಂಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ನಮ್ಮ ಕರಾವಳಿಯ ಉಪ್ಪುಗಾಳಿ, ಜೊತೆಗೆ ಪೆಟ್ರೋಲಿಗೆ ಬೆರೆಸುವ, ನೀರು ಹೀರುವ ಎಥೆನಾಲ್. ಮೂವತ್ತು ವರ್ಷದ ಟ್ಯಾಂಕಿನ ತಳದಲ್ಲಿ ತುಕ್ಕು ಇದ್ದೇ ಇರುತ್ತದೆ. ಟ್ಯಾಂಕು ಇಳಿಸಿ ತೊಳೆಸಿ. ಪಂಪಿನ ಮೊದಲು 100 ಮೈಕ್ರಾನ್ ಜಾಲರಿ, ಪಂಪಿನ ನಂತರ 10 ಮೈಕ್ರಾನ್ ಫಿಲ್ಟರ್ ಇರಲಿ. ಇವುಗಳ ಜಾಗ ಅದಲುಬದಲಾದರೆ ಪಂಪು ಎಳೆಯಲಾರದೆ ಸುಡುತ್ತದೆ. ಇಂಜಿನಿನಿಂದ ಟ್ಯಾಂಕಿಗೆ ವಾಪಸು ಬರುವ ಪೈಪು ಹೊಸದಾಗಿ ಎಳೆಯಬೇಕು. ಪಂಪಿನ ಸುತ್ತ ಪೆಟ್ರೋಲು ನಿಲ್ಲುವಂತೆ ಒಂದು ಬಟ್ಟಲು ಬೇಕು. ಇಲ್ಲವಾದರೆ ಕಾಲು ಟ್ಯಾಂಕಿನಲ್ಲಿ ಘಾಟಿಯ ತಿರುವಿನಲ್ಲಿ ಪೆಟ್ರೋಲು ಒಂದು ಮೂಲೆಗೆ ಸರಿದು ಪಂಪು ಗಾಳಿ ಕುಡಿಯುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ.

ವೈರಿಂಗ್‌ನಲ್ಲಿ ಇಸಿಯುವಿನ (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ಪ್ಲಸ್ ಮತ್ತು ಅರ್ಥ್ ಎರಡೂ ನೇರ ಬ್ಯಾಟರಿಗೆ. ಕೀಲಿಯಿಂದ ಬರುವ ವೈರನ್ನು ಸೆಲ್ಫ್ ಹೊಡೆಯುವಾಗ ಮೀಟರ್ ಹಿಡಿದು ನೋಡಿ. ಹಳೆ ಗಾಡಿಗಳಲ್ಲಿ ಆ ಹೊತ್ತಿಗೆ ಕರೆಂಟು ಕಡಿದುಹೋಗುವ ವೈರುಗಳಿವೆ, ಅಂಥದ್ದಕ್ಕೆ ಕೊಟ್ಟರೆ ಗಾಡಿ ಸುತ್ತುತ್ತದೆ, ಹೊತ್ತುವುದಿಲ್ಲ. ಪಂಪಿಗೆ ಬೇರೆ ರಿಲೇ, ಬೇರೆ ಫ್ಯೂಸ್, ಅಪಘಾತವಾದರೆ ಪಂಪು ನಿಲ್ಲಿಸುವ ಇನರ್ಷಿಯಾ ಸ್ವಿಚ್. ಪಾಯಿಂಟ್ಸ್ (ಕಿಡಿಗಾಗಿ ಕರೆಂಟು ಕಡಿಯುವ ಲೋಹದ ತುದಿಗಳು) ಇದ್ದರೆ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ, ಸವೆದ ಪಾಯಿಂಟ್ ಕೊಡುವ ಸಿಗ್ನಲ್ ನಂಬುವಂಥದ್ದಲ್ಲ. ಪ್ಲಗ್ ರೆಸಿಸ್ಟರ್ ಇರುವುದೇ ಆಗಲಿ. ಮಳೆಗಾಲ ನೆನಪಿಟ್ಟುಕೊಂಡು ಪ್ರತಿ ಕನೆಕ್ಟರಿಗೂ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ.

ಸ್ಟಾರ್ಟ್ ಮಾಡುವ ಮುಂಚೆ ಪಂಪು ಮಾತ್ರ ಓಡಿಸಿ ಹತ್ತು ನಿಮಿಷ ಎಲ್ಲ ಜಾಯಿಂಟು ಕೈಯಿಂದ ಸವರಿ ನೋಡಿ. ಆಮೇಲೆ ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯಲ್ಲಿ ಕಾಣುವ ಕಿಡಿಯ ಡಿಗ್ರಿಯೂ ಇಸಿಯುಗೆ ಜೋಡಿಸಿದ ಲ್ಯಾಪ್‌ಟಾಪಿನ ಡಿಗ್ರಿಯೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳಿ. ಲ್ಯಾಂಬ್ಡಾ ಎಂದರೆ ಪೆಟ್ರೋಲು ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಸಿಗುತ್ತಿರುವ ಗಾಳಿ, 1 ಎಂದರೆ ಸರಿಸಮ. ಟ್ಯೂನಿಂಗ್ ಗುರಿ: ಐಡ್ಲಿಂಗ್‌ನಲ್ಲಿ ಲ್ಯಾಂಬ್ಡಾ 1ರ ಹತ್ತಿರ, ಪೂರ್ತಿ ರೇಸಿನಲ್ಲಿ 0.86–0.88. ಲ್ಯಾಂಬ್ಡಾದಲ್ಲೇ ಮಾಡಿಸಿ, ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಎಂಬ ಹಳೆ ಲೆಕ್ಕದಲ್ಲಲ್ಲ. ಆ ಸಂಖ್ಯೆ ಎಥೆನಾಲ್ ಇಲ್ಲದ ಪೆಟ್ರೋಲಿನದು. ಶೇ. 20 ಎಥೆನಾಲ್ ಬೆರೆತ ಇ20ಗೆ ಅದು ಸುಮಾರು 13.5.

ಪ್ರಶ್ನೆ: ಅಣ್ಣ ಶಾರ್ಜಾದಲ್ಲಿದ್ದಾನೆ. ಅವನ 1969ರ ಮಸ್ಟಾಂಗ್, 302 ವಿ8ಗೆ ತಾನೇ ಕಲಿತುಕೊಳ್ಳುವ ಥ್ರಾಟಲ್ ಬಾಡಿ ಇಂಜೆಕ್ಷನ್ ಹಾಕಿಸಿದ್ದಾನೆ. ಮೀಟರ್ ಲೀನ್ (ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು) ಅನ್ನುತ್ತದೆ, ಸೈಲೆನ್ಸರಿನಲ್ಲಿ ಮಾತ್ರ ಪೆಟ್ರೋಲ್ ವಾಸನೆ. ಐಡ್ಲಿಂಗ್ ಏರಿಳಿಯುತ್ತದೆ, ಕೆಲವೊಮ್ಮೆ ತಟ್ಟನೆ ಬಂದ್. ಕಿಟ್ ಕೆಟ್ಟಿದೆಯೇ?
– ಓದುಗರು, ಮಂಜೇಶ್ವರ

ಉತ್ತರ: ಕಿಟ್ಟನ್ನು ಕೊನೆಗೆ ಅನುಮಾನಿಸಿ. ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಸೆನ್ಸರಿಗಿಂತ ಮೊದಲು, ಇಂಜಿನಿನ ಕಡೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಒಂದು ಪ್ಲಗ್ ಮಿಸ್ ಆದರೂ ಸುಡದ ಆಮ್ಲಜನಕ ಹಾಗೇ ದಾಟುತ್ತದೆ. ಇಸಿಯು ಇದನ್ನು ಲೀನ್ ಎಂದು ಓದಿ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ, ಮತ್ತು ತಪ್ಪನ್ನೇ ಕಲಿತುಕೊಳ್ಳುತ್ತದೆ. ಅಣ್ಣನವರಿಗೆ ಹೇಳಿ: ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಹೆಡರಿನ (ಇಂಜಿನಿಗೆ ತಾಗಿದ ಎಕ್ಸಾಸ್ಟ್ ಪೈಪು) ಜಾಯಿಂಟಿಗೆ ಸೋಪಿನ ನೀರು ಸಿಂಪಡಿಸಿ ಗುಳ್ಳೆ ನೋಡಲಿ. ಸೆನ್ಸರ್ ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಬೇಕು, ಇಲ್ಲವಾದರೆ ಪೈಪಿನ ನೀರು ತಾಗಿ ಒಡೆಯುತ್ತದೆ. ಸೋರಿಕೆ ಸರಿಮಾಡಿದ ಮೇಲೆ ಕಲಿತದ್ದನ್ನೆಲ್ಲ ಅಳಿಸಿ ಹೊಸದಾಗಿ ಕಲಿಸಬೇಕು.

ತಟ್ಟನೆ ಬಂದ್ ಬೀಳುವುದು ಬೇರೆ ಕಥೆ. ಆ ಗಳಿಗೆಯಲ್ಲಿ ಸ್ಕ್ರೀನಿನ ಆರ್‌ಪಿಎಂ ಹಾರುತ್ತದೆಯೇ ಎಂದು ನೋಡಲಿ. ಹಾರಿದರೆ ಕಾಯಿಲ್ ಮತ್ತು ಪ್ಲಗ್ ವೈರುಗಳ ವಿದ್ಯುತ್ ಗದ್ದಲ. ತಾಮ್ರದ ಎಳೆಯ ಪ್ಲಗ್ ವೈರು ಇದ್ದರೆ ಕಿತ್ತು ಸಪ್ರೆಶನ್ ವೈರು ಹಾಕಿ, ಆರ್‌ಪಿಎಂ ವೈರನ್ನು ಕಾಯಿಲಿನಿಂದ ದೂರ ಎಳೆಯಿರಿ. ಸಿಡಿಐ (ಕೆಪಾಸಿಟರಿನಿಂದ ಕಿಡಿ ಕೊಡುವ ಇಗ್ನಿಷನ್) ಪೆಟ್ಟಿಗೆ ಇದ್ದರೆ ಆ ವೈರು ಅದರ ಟ್ಯಾಕೋ ಔಟ್‌ಪುಟ್‌ಗೇ ಹೋಗಬೇಕು. ಕಾಯಿಲ್ ಮೈನಸ್ಸಿಗೆ ಕೊಟ್ಟರೆ ಅಲ್ಲಿಯ ನೂರಾರು ವೋಲ್ಟ್ ಇಸಿಯುವನ್ನೇ ಸುಡಬಹುದು.

ಐಡ್ಲಿಂಗ್ ಏರಿಳಿತಕ್ಕೆ ಥ್ರಾಟಲ್ ಸ್ಕ್ರೂ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್ ಏರ್ ವಾಲ್ವ್ ಶೇ. 3ರಿಂದ 10ರೊಳಗೆ ನಿಲ್ಲುವಂತೆ ಸ್ಕ್ರೂ ತಿರುಗಿಸಬೇಕು. ಸ್ಕ್ರೂ ಸರಿಮಾಡಿದರೂ ವಾಲ್ವ್ ಸೊನ್ನೆಗೇ ಮುಚ್ಚಿದ್ದರೆ ಗಾಳಿ ಬೇರೆಲ್ಲಿಂದಲೋ ನುಗ್ಗುತ್ತಿದೆ. ಅಣ್ಣನದು ಮೂಲದಲ್ಲಿ ಎರಡು ಗಾಳಿಬಾಯಿಯ ಕಾರ್ಬ್ಯುರೇಟರಿನ, ಅಂದರೆ 2 ಬ್ಯಾರೆಲ್‌ನ, 220 ಅಶ್ವಶಕ್ತಿಯ ಇಂಜಿನ್ ಆಗಿದ್ದರೆ ಹೀಗೂ ಕೇಳಿ ನೋಡಿ: 4 ಬ್ಯಾರೆಲ್ ಥ್ರಾಟಲ್ ಬಾಡಿಗೆ ಮ್ಯಾನಿಫೋಲ್ಡ್ ಬದಲಿಸಿದ್ದಾನೋ, ಅಡಾಪ್ಟರ್ ತುರುಕಿದ್ದಾನೋ? ಅಡಾಪ್ಟರಿನ ಅಂಚಿನಲ್ಲಿ ಗಾಳಿ ಸೋರುವುದು ಮಾಮೂಲು.

ಪ್ರಶ್ನೆ: ಇಂಜೆಕ್ಷನ್ ಹಾಕಿಸಿದ ಮೇಲೆ ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ. ಎಲ್ಲೂ ಹನಿ ಕಾಣುವುದಿಲ್ಲ.
– ಓದುಗರು, ಪೆರ್ಲ

ಉತ್ತರ: ಹೋಸಿನ ಮೇಲಿನ ಅಕ್ಷರ ಓದಿ. ಜೆ30ಆರ್7 ಎಂದಿದ್ದರೆ ಅದು ಕಾರ್ಬ್ಯುರೇಟರಿನ ಹೋಸು, ಇಂಜೆಕ್ಷನ್ ಒತ್ತಡಕ್ಕೆ ಅಲ್ಲ, ಜೆ30ಆರ್9 ಬೇಕು. ಕ್ಲಿಪ್ಪಿನ ಪಟ್ಟಿಯಲ್ಲಿ ಸೀಳುಗಳಿದ್ದರೆ ರಬ್ಬರು ಆ ಸೀಳಿನೊಳಗೆ ಉಬ್ಬಿ ಕತ್ತರಿಸಿಹೋಗುತ್ತದೆ, ಸುತ್ತ ನುಣುಪಾಗಿ ಬಿಗಿಯುವ ಇಂಜೆಕ್ಷನ್ ಕ್ಲಿಪ್ ಹಾಕಿ. ಎರಡೂ ಸರಿಯಿದ್ದರೆ ಟ್ಯಾಂಕಿನ ವೆಂಟ್ ಪೈಪು (ಟ್ಯಾಂಕಿಗೆ ಗಾಳಿಯಾಡುವ ಪೈಪು) ಡಿಕ್ಕಿಯೊಳಗೇ ಬಾಯಿ ಬಿಟ್ಟಿದೆಯೇ ನೋಡಿ. ಸರಿಯಾಗುವ ತನಕ ಗಾಡಿಯನ್ನು ಮನೆಗೆ ತಾಗಿದ ಶೆಡ್ಡಿನಲ್ಲಿ ನಿಲ್ಲಿಸಬೇಡಿ.

ಪ್ರಶ್ನೆ: 1965ರ ಇಂಪಾಲಾಗೆ ವಿಂಟೇಜ್ ನಂಬರ್ ಮಾಡಿಸುವ ಯೋಚನೆ ಇದೆ. ಇಂಜೆಕ್ಷನ್ ಮೊದಲೋ, ನಂಬರ್ ಮೊದಲೋ?
– ಓದುಗರು, ಮುಳ್ಳೇರಿಯ

ಉತ್ತರ: ಇಂಜೆಕ್ಷನ್ ಬೇಡ. 2021ರ ನಿಯಮದ ಪ್ರಕಾರ ವಿಎ ಅಕ್ಷರಗಳಿರುವ ವಿಂಟೇಜ್ ಸರಣಿಯ ನಂಬರು ಸಿಗುವುದು 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಮಾರ್ಪಾಡಾಗದೆ ಮೂಲರೂಪದಲ್ಲಿರುವ ಗಾಡಿಗೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಬಿಸಿಗೆ ಬಂದ್ ಬೀಳುವುದೇ ತೊಂದರೆಯಾದರೆ ಕಾರ್ಬ್ಯುರೇಟರಿನ ಅಡಿಗೆ ಬೇಕಲೈಟ್ ಸ್ಪೇಸರ್ ಹಾಕಿಸಿ, ಪೆಟ್ರೋಲ್ ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ. ಎಥೆನಾಲ್ ತಾಳುವ ಹೋಸು, ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಬದಲಿಸಿದರೆ ಬೇಸಗೆ ಕಳೆಯುತ್ತದೆ. ಕಳಚಿದ ಹಳೆ ಭಾಗಗಳನ್ನು ಎಸೆಯದೆ ಚೀಟಿ ಕಟ್ಟಿ ಇಟ್ಟುಕೊಳ್ಳಿ, ಪರಿಶೀಲನೆಗೆ ಬಂದವರು ಕೇಳಿದರೆ ತೋರಿಸಲು ಬೇಕಾಗುತ್ತದೆ.