ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆಗಿ ಒಂದೂವರೆ ವರ್ಷ ಆಯ್ತು: ಕೆಲಸ ಬಿಡಲೇ, ಗಲ್ಫ್‌ಗೆ ಹೋಗಲೇ, ಮುಂದೆ ಓದಲೇ?

ಖಾಸಗಿ ಆಸ್ಪತ್ರೆಯ ವಾರ್ಡ್ ಡ್ಯೂಟಿ ಸಾಕಾಗಿದೆ ಅಂದಿದ್ದೀರಿ. ಅರ್ಥವಾಗುತ್ತದೆ. ಆದರೂ ಇನ್ನು ಆರು ತಿಂಗಳು ತಡೆದುಕೊಳ್ಳಿ.

ಸರ್ಕಾರಿ ನರ್ಸಿಂಗ್ ಆಫೀಸರ್ ಹುದ್ದೆಗಳಿಗಾಗಿ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿ ನರ್ಸಿಂಗ್ ಆದವರು ಅನುಭವ ಇಲ್ಲದೆಯೂ ಕೂರಬಹುದು. ಜಿಎನ್‌ಎಂನವರಿಗೆ ಮಾತ್ರ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಸುಮ್ನೆ ಈಗ ಬಿಟ್ಟರೆ ಅದು ಅರ್ಧಕ್ಕೇ ನಿಲ್ಲುತ್ತದೆ, ಅಲ್ವಾ?

ಬಿಡುವಾಗ ಅನುಭವ ಪತ್ರವನ್ನು ಸರಿಯಾಗಿ ಬರೆಸಿಕೊಳ್ಳಿ. ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ವಿಭಾಗ, ಹಾಸಿಗೆಗಳ ಸಂಖ್ಯೆ ಎಲ್ಲವೂ ಇರಲಿ. ನನ್ನ ಮೊದಲ ಆಸ್ಪತ್ರೆ ಕೊಟ್ಟಿದ್ದು 'ನಡತೆ ಉತ್ತಮ' ಅನ್ನುವ ಎರಡು ಸಾಲು. ತಾರೀಖೇ ಇರಲಿಲ್ಲ! ಸರಿಪಡಿಸಲು ಮೂರು ತಿಂಗಳು ಅಲೆದೆ. ಬಾಂಡ್ (ಇಷ್ಟು ಕಾಲ ಬಿಡುವುದಿಲ್ಲ ಅನ್ನುವ ಕರಾರು) ಹೆಸರಲ್ಲಿ ಆಸ್ಪತ್ರೆ ಮೂಲ ಅಂಕಪಟ್ಟಿ ಕೇಳಿದರೆ ಜೆರಾಕ್ಸ್ ಮಾತ್ರ ಕೊಡಿ.

ಗಲ್ಫ್‌ಗೂ ಇದೇ ಪತ್ರ ಬೇಕು. ಅಲ್ಲಿ ಡೇಟಾಫ್ಲೋ ಅನ್ನುವ ಸಂಸ್ಥೆ ನಿಮ್ಮ ಕಾಲೇಜು, ನರ್ಸಿಂಗ್ ಕೌನ್ಸಿಲ್, ಆಸ್ಪತ್ರೆಗಳನ್ನೇ ನೇರವಾಗಿ ಕೇಳಿ ದಾಖಲೆ ಪರಿಶೀಲಿಸುತ್ತದೆ. ಸುಳ್ಳು ಅನುಭವ ಪತ್ರ ಮಾಡಿಸಿಕೊಡುತ್ತೇವೆ ಅನ್ನುವವರಿಂದ ದೂರ ಇರಿ. ಏಜೆಂಟ್ ನೋಂದಾಯಿತರೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಓದುವುದಾದರೆ ಪೋಸ್ಟ್ ಬೇಸಿಕ್ ಬಿಎಸ್ಸಿ, ಅಂದರೆ ಜಿಎನ್‌ಎಂ ಆದವರು ಮಾಡುವ ನರ್ಸಿಂಗ್ ಪದವಿ, 2 ವರ್ಷ. ಪಾಠ ಮಾಡುವ ಆಸೆ ಇದ್ದರೆ ನನ್ನ ಮತ ಇದಕ್ಕೇ. ಸಂಬಳ ಮಾತ್ರ ಮುಖ್ಯ ಅಂದರೆ ಈಗಲೇ ಐಸಿಯುಗೆ ವರ್ಗ ಕೇಳಿ.