ಕಾವಲಿನ ಪಹಣಿಯಲ್ಲಿ ಯಾರ ಹೆಸರು?

ದಾವಣಗೆರೆಯ ಓದುಗ ಮಿತ್ರರಿಗೆ ನಮಸ್ಕಾರ.

ಸರ್ಕಾರಕ್ಕೆ ಆಳುವ ಅರ್ಹತೆ ಬರುವುದು ಜನರ ಒಪ್ಪಿಗೆಯಿಂದ ಎಂದು ಗಣರಾಜ್ಯೋತ್ಸವದ ಸಂಚಿಕೆಯಲ್ಲಿ ನಾನು ಬರೆದದ್ದನ್ನು ಒಪ್ಪದೆ ತಾವು ಕಳುಹಿಸಿದ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ತಮ್ಮ ವಾದದ ಸಾರ ಇಷ್ಟು: ‘ಮತ ಎಣಿಸಿದ ಮಾತ್ರಕ್ಕೆ ಸರ್ಕಾರಕ್ಕೆ ಆಳುವ ಅರ್ಹತೆ ಬರುವುದಿಲ್ಲ. ಒಬ್ಬೊಬ್ಬರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನು ಕಾಪಾಡುವವರೆಗೆ ಮಾತ್ರ ಅದು ಸರ್ಕಾರ. ಜನರ ಒಪ್ಪಿಗೆ ಎಂಬುದು ಬರೀ ಮೇಲುಹೊದಿಕೆ.’ ಇದಕ್ಕೆ ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯ ಆಧಾರವನ್ನೂ ಕೊಟ್ಟಿದ್ದೀರಿ.

ಮೊದಲ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದ ಸರ್ಕಾರ ಜನರೇ ಆರಿಸಿದ್ದು. ವಿಚಾರಣೆಯಿಲ್ಲದೆ ಒಳಗೆ ಹಾಕಿದವರ ಅರ್ಜಿಯನ್ನು ಕೇಳಬಹುದು ಎಂದು ಕರ್ನಾಟಕದ್ದೂ ಸೇರಿ ಹಲವು ಹೈಕೋರ್ಟುಗಳು ಹೇಳಿದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರ ಪೀಠ ನಾಲ್ವರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಗತಿಯೇನು ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದ್ದರು. ತುರ್ತು ಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲ ಎಂಬ ಉತ್ತರ ಸರ್ಕಾರದ ಕಡೆಯಿಂದ ಬಂತು. ಭಿನ್ನ ತೀರ್ಪು ಬರೆದವರು ಖನ್ನಾ ಒಬ್ಬರೇ. ಆ ಉತ್ತರವನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಎಷ್ಟು ಕೋಟಿ ಮತ ಬಿದ್ದಿದ್ದರೂ ಅಂಥ ಮಾತನ್ನಾಡುವ ಸರ್ಕಾರಕ್ಕೆ ಆಳುವ ನೈತಿಕ ಹಕ್ಕಿಲ್ಲ.

ಆದರೆ ಕೋರ್ಟು ಕೈಚೆಲ್ಲಿದ ಆ ಹಕ್ಕನ್ನು ಮರಳಿ ತಂದವರು 1977ರ ಮಾರ್ಚಿನಲ್ಲಿ ಮತಗಟ್ಟೆಗಳ ಮುಂದೆ ಸಾಲು ನಿಂತವರು. ಅವರು ಆರಿಸಿದ ಸಂಸತ್ತು 1978ರ 44ನೇ ತಿದ್ದುಪಡಿಯಲ್ಲಿ, ಅನ್ಯಾಯದ ಶಿಕ್ಷೆಯಿಂದ ಕಾಪಾಡುವ 20ನೇ ವಿಧಿ ಮತ್ತು ಜೀವ, ಸ್ವಾತಂತ್ರ್ಯವನ್ನು ಕಾಪಾಡುವ 21ನೇ ವಿಧಿಗಳ ರಕ್ಷಣೆಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದು ಬರೆಯಿತು. ಸುಪ್ರೀಂ ಕೋರ್ಟು ತನ್ನ ಹಳೆಯ ತೀರ್ಪನ್ನು ನೇರವಾಗಿ ರದ್ದುಪಡಿಸಿದ್ದು 2017ರಲ್ಲಿ, ಖಾಸಗಿತನದ ಮೊಕದ್ದಮೆಯಲ್ಲಿ. ಅಲ್ಲಿಯವರೆಗೆ ನಮ್ಮ ಜೀವಕ್ಕೆ ಕಾವಲಿದ್ದದ್ದು ತಾವು ಮೇಲುಹೊದಿಕೆ ಎಂದ ಒಪ್ಪಿಗೆಯೇ. ಅದೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳಿಂದ ಹೊರಗಿಟ್ಟಿತು ಎಂಬುದನ್ನೂ ಗಮನಿಸಬೇಕು.

ನಮ್ಮ ರಾಜ್ಯದ ಸಂಗತಿ ಇನ್ನೂ ತೊಡಕಿನದು. ಆ ಚುನಾವಣೆಯಲ್ಲಿ ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ತುರ್ತು ಪರಿಸ್ಥಿತಿ ಹೇರಿದ ಪಕ್ಷಕ್ಕೇ ಕೊಟ್ಟಿತು. ಸ್ವಾತಂತ್ರ್ಯದ ಬೆಲೆ ತಿಳಿಯದ ಜನ ಎಂದು ಬೈದುಬಿಡಬಹುದು, ನಾನು ಬೈಯಲಾರೆ. ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಬೇರೆಯವರ ಹೊಲವನ್ನು ಉಳುತ್ತಿದ್ದ ಗೇಣಿದಾರನಿಗೆ ಪಹಣಿಯಲ್ಲಿ ತನ್ನ ಹೆಸರು ಬರುವ ದಾರಿ ತೆರೆದವರೂ, ಜೈಲಿನಲ್ಲಿದ್ದವನ ಬಾಯಿ ಕಟ್ಟಿದವರೂ ಒಂದೇ ಪಕ್ಷದವರು. ಜಮೀನುದಾರನ ಆಸ್ತಿ, ಗೇಣಿದಾರನ ಬದುಕು: ಸರ್ಕಾರ ಕಾಪಾಡಬೇಕಾದ ವ್ಯಕ್ತಿಯ ಹಕ್ಕು ಇವೆರಡರಲ್ಲಿ ಯಾವುದು? ತಮ್ಮ ಪತ್ರದಲ್ಲಿ ಇದಕ್ಕೆ ಉತ್ತರ ಹುಡುಕಿದೆ, ಸಿಗಲಿಲ್ಲ.

ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲನ್ನೇ, ಅಂದರೆ ಅಮೃತ ಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲನ್ನೇ ನೋಡಿ. ದೊಡ್ಡ ಉಳ್ಳಾರ್ತಿ, ಖುದಾಪುರದ ಕಡೆಯ ಆ ಹುಲ್ಲುಗಾವಲಿನಲ್ಲಿ 8,000 ಎಕರೆಗೂ ಹೆಚ್ಚು ನೆಲ ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನ ಮೊದಲಾದ ಕ್ಷೇತ್ರಗಳ ಸಂಸ್ಥೆಗಳಿಗೆ ಹೋಯಿತು. ತಲೆಮಾರುಗಳಿಂದ ಅಲ್ಲಿ ಕುರಿ ದನ ಮೇಯುತ್ತಿದ್ದವು. ಆ ಕುರಿಗಳ ಉಣ್ಣೆಯನ್ನು ನಂಬಿ ಕಂಬಳಿ ನೇಯುವ ಮನೆಗಳಿದ್ದವು. ಆದರೂ ಯಾರ ಆಸ್ತಿಯನ್ನೂ ಕಸಿದಂತಾಗಲಿಲ್ಲ, ಏಕೆಂದರೆ ನೆಲ ಸರ್ಕಾರದ್ದು. ಪಹಣಿಯಲ್ಲಿ ಯಾವ ಕುರಿಗಾಹಿಯ ಹೆಸರೂ ಇರಲಿಲ್ಲ. ತಮ್ಮ ಅಳತೆಗೋಲಿನಿಂದ ಅಳೆದರೆ ಅಲ್ಲಿ ಅನ್ಯಾಯವೇ ನಡೆದಿಲ್ಲ. ಗೋಡೆ ಏಳತೊಡಗಿದ ಮೇಲೆಯೇ ತಮಗೆ ವಿಷಯ ತಿಳಿದದ್ದು ಎನ್ನುವುದು ಊರಿನವರ ದೂರು. ಮಾತು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹುಲ್ಲು ಹೋದ ಸಂಕಟದ ಜೊತೆಗೆ, ನಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬ ನೋವು ಅದರಲ್ಲಿದೆ.

ತಾವು ಕೊಟ್ಟ ಘೋಷಣೆಯ ಸಾಲನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಹಕ್ಕುಗಳನ್ನು ಭದ್ರಪಡಿಸಲೆಂದು ಸರ್ಕಾರಗಳು ಹುಟ್ಟಿವೆ ಎಂದ ಮೇಲೆ, ಅವುಗಳ ನ್ಯಾಯವಾದ ಅಧಿಕಾರ ಬರುವುದು ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಎಂದೂ ಅದೇ ಸಾಲು ಹೇಳುತ್ತದೆ. ಯಾವುದನ್ನು ಹಕ್ಕು ಎಂದು ಬರೆಯಬೇಕು, ಯಾರ ಹೆಸರಿಗೆ ಬರೆಯಬೇಕು ಎಂದು ತೀರ್ಮಾನಿಸುವ ಪಡಸಾಲೆಯಲ್ಲಿ ಕುರಿಗಾಹಿಗೂ ಜಾಗ ಬೇಕು. ಆ ಜಾಗ ಕೊಡದ ಸರ್ಕಾರ ಉಳಿದವರ ಹಕ್ಕನ್ನು ಎಷ್ಟು ಜೋಪಾನ ಮಾಡಿದರೂ ನಾನು ಅದನ್ನು ಪೂರ್ತಿ ನನ್ನದೆನ್ನಲಾರೆ.

ಒಂದು ಕಡೆ ಮಾತ್ರ ತಮ್ಮ ಮಾತಿಗೆ ನಾನು ತಲೆಬಾಗುತ್ತೇನೆ. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಹಸುಗೂಸಿನೊಡನೆ ಊರಾಚೆಯ ಗುಡಿಸಿಲಿನಲ್ಲಿ ಇರಿಸಿದ್ದುಂಟು. ಹಟ್ಟಿಯವರೆಲ್ಲ ಅದಕ್ಕೆ ಒಪ್ಪಿದ್ದರು. ಅಂಥ ಒಪ್ಪಿಗೆಯನ್ನು ಸರ್ಕಾರ ಲೆಕ್ಕಕ್ಕೆ ಇಡಬಾರದು. ಆ ಒಬ್ಬ ತಾಯಿಯ ಪರವಾಗಿ ಇಡೀ ಹಟ್ಟಿಯನ್ನು ಎದುರು ಹಾಕಿಕೊಳ್ಳಬೇಕು. ಕಾವಲಿನ ಗೋಡೆಯನ್ನೂ ಈ ಗುಡಿಸಿಲನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ತಾವು ಮತ್ತೊಮ್ಮೆ ಬರೆಯಬೇಕು. ಒಂದು ಸಾಲನ್ನೂ ಕತ್ತರಿಸದೆ ಅಚ್ಚು ಹಾಕುತ್ತೇನೆ.

ಸಂಪಾದಕ
ಚಿತ್ರದುರ್ಗ