‘ಅರಣ್ಯ ಜಾಗ, ಆಗಲ್ಲ’ ಅಂದ್ರೆ ಮುಂದೇನು?

ಪ್ರಶ್ನೆ: ಚಾಮರಾಜನಗರ ಜಿಲ್ಲೆಯ ಕಾಡೊಳಗಿನ ಸೋಲಿಗರ ಪೋಡು (ಬುಡಕಟ್ಟು ಜನರ ಹಾಡಿ) ನಮ್ಮದು. ಡಿಗ್ರಿ ಮುಗಿಸಿ ಊರಲ್ಲೇ ಇದ್ದೇನೆ. ಮಳೆಗಾಲದಲ್ಲಿ ಬಸುರಿಯರನ್ನು ಡೋಲಿ ಕಟ್ಟಿ ಹೊರಬೇಕು. ಅಂಗನವಾಡಿಯೂ ಇಲ್ಲ, ಆಶಾ ಕಾರ್ಯಕರ್ತೆಯೂ ಇಲ್ಲ. ಮೂರು ಸಲ ಅರ್ಜಿ ಕೊಟ್ಟೆವು. ‘ಅರಣ್ಯ ಜಾಗ, ಆಗಲ್ಲ’, ‘ನಿಮ್ಮ ಜನಸಂಖ್ಯೆ ಕಡಿಮೆ’ ಅಂತಾರೆ. ಇನ್ನು ಯಾರನ್ನು ಕೇಳೋದು? (ಹೆಸರು ಬೇಡ)

ಉತ್ತರ: ತಂಗಿ, ಆ ಅರ್ಜಿಯಲ್ಲಿ ಏನು ಬರೆದಿದ್ದಿರಿ? ನನ್ನ ಅಂದಾಜು, ರಸ್ತೆ, ನೀರು, ಕರೆಂಟು, ಆಸ್ಪತ್ರೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ‘ಮೂಲಸೌಕರ್ಯ ಒದಗಿಸಿ’ ಅಂತ ಕೈಮುಗಿದಿರಬಹುದು. ಅಂಥ ಅರ್ಜಿ ಯಾರ ಟೇಬಲ್ಲಿಗೂ ಸೇರಿದ್ದಲ್ಲ, ಸುಮ್ನೆ ಸುತ್ತುತ್ತಿರುತ್ತದೆ. ಒಂದು ಬೇಡಿಕೆಗೆ ಒಂದು ಅರ್ಜಿ ಸಾಕು.

ಈಗ ‘ಅರಣ್ಯ ಜಾಗ’ದ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ಓದಿ. ಶಾಲೆ, ಅಂಗನವಾಡಿ, ದವಾಖಾನೆ, ಕುಡಿಯುವ ನೀರು, ರಸ್ತೆ ಅಂತ 13 ಬಗೆಯ ಸರ್ಕಾರಿ ಕೆಲಸಗಳಿಗೆ ಕಾಡಿನ ಜಾಗ ಬಿಟ್ಟುಕೊಡಲು ಅದರಲ್ಲಿ ಅವಕಾಶವಿದೆ. ಒಂದೊಂದು ಕೆಲಸಕ್ಕೂ ಜಾಗ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಎಡವಟ್ಟಾಗೋದು ಎಲ್ಲಿ ಅಂದರೆ, ಜನ ನೇರ ಅರಣ್ಯ ಇಲಾಖೆ ಬಾಗಿಲು ತಟ್ಟುತ್ತಾರೆ. ಆದರೆ ಪ್ರಸ್ತಾವ ಹಾಕಬೇಕಾದದ್ದು ಕೆಲಸ ಮಾಡುವ ಇಲಾಖೆ. ಅಂಗನವಾಡಿ ಬೇಕಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅದನ್ನು ನಿಮ್ಮ ಗ್ರಾಮಸಭೆ ಮುಂದೆ ಇಡಬೇಕು, ನಿರ್ಣಯ ಆದ ಮೇಲೆ ರೇಂಜರ್ ಜಾಗ ನೋಡಿ ಡಿಎಫ್‌ಒಗೆ (ವಿಭಾಗದ ಅರಣ್ಯಾಧಿಕಾರಿ) ವರದಿ ಕೊಡುತ್ತಾರೆ. ಹಾಗಾಗಿ ‘ಸೆಕ್ಷನ್ 3(2)ರಡಿ ಪ್ರಸ್ತಾವ ಸಲ್ಲಿಸಿ’ ಅಂತ ಆ ಇಲಾಖೆಗೇ ಬರೆಯಿರಿ, ಒಂದು ಪ್ರತಿ ಐಟಿಡಿಪಿ (ಬುಡಕಟ್ಟು ಅಭಿವೃದ್ಧಿ ಯೋಜನೆ) ಕಚೇರಿಗೂ ಕೊಡಿ. (ಈ ಸೆಕ್ಷನ್ ಹೆಸರು ಹೇಳಿದಾಗ ಎಷ್ಟೋ ಕಚೇರಿಗಳಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೆ. ಜೆರಾಕ್ಸ್ ಕೈಯಲ್ಲಿರಲಿ.)

ಈ ಕಾಯ್ದೆಯ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರಾದರೂ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅರ್ಧ ಪೋಡು ಕಾಫಿ ತೋಟದ ಕೂಲಿಗೆ ಹೋಗಿರುವಾಗ ಸಭೆ ಕರೆದರೆ ನಿರ್ಣಯ ನಿಲ್ಲುವುದಿಲ್ಲ. ಮೊದಲು ಹೆಂಗಸರ ಹತ್ತಿರ ಕೂತು ಮಾತಾಡಿ. ಗಂಡಸರು ರಸ್ತೆ ಅನ್ನುತ್ತಾರೆ, ಡೋಲಿಯಲ್ಲಿ ಮಲಗಿ ಹೋದವರು ಬೇರೇನಾದರೂ ಹೇಳಬಹುದು, ಅಲ್ವಾ?

ಜನಸಂಖ್ಯೆಯ ನೆಪಕ್ಕೂ ಉತ್ತರ ಇದೆ. ಸಾವಿರ ಜನಕ್ಕೊಬ್ಬ ಆಶಾ ಅನ್ನೋದು ಬಯಲುಸೀಮೆಯ ಲೆಕ್ಕ. ಬುಡಕಟ್ಟು, ಗುಡ್ಡಗಾಡು ಪ್ರದೇಶದಲ್ಲಿ ಅದನ್ನು ಸಡಿಲಿಸಿ ವಾಸಸ್ಥಳಕ್ಕೊಬ್ಬರನ್ನು ನೇಮಿಸಬಹುದು ಅಂತ ಆಶಾ ಮಾರ್ಗಸೂಚಿಯಲ್ಲೇ ಇದೆ. ಆರೋಗ್ಯ ಉಪಕೇಂದ್ರಕ್ಕೆ (ನರ್ಸ್ ಇರುವ ಚಿಕ್ಕ ಸರ್ಕಾರಿ ಆಸ್ಪತ್ರೆ) ಮಾತ್ರ ಇಂಥ ಕಡೆಯೂ 3,000 ಜನ ಬೇಕು, ಹಾಗಾಗಿ ಒಂದೇ ಪೋಡಿಗೆ ಆಸ್ಪತ್ರೆ ಕೇಳಿ ವರ್ಷಗಳನ್ನು ಕಳೆಯಬೇಡಿ. ಪೋಡಿನವಳೇ ಆದ ಆಶಾ ಬೇಕು, ತಿಂಗಳಿಗೊಮ್ಮೆ ಗೊತ್ತಾದ ದಿನ ನರ್ಸ್ ಬರಬೇಕು ಅಂತ ಕೇಳಿ.

ಜೊತೆಗೆ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಗಂಟೆಗೆ 108ಕ್ಕೆ ಫೋನ್ ಮಾಡಿದಿರಿ, ಗಾಡಿ ಎಲ್ಲಿ ನಿಂತಿತು, ಎಷ್ಟು ದೂರ ಹೊತ್ತಿರಿ, ಅಷ್ಟೇ ಬರೆಯಿರಿ. ರೋಗಿಯ ಹೆಸರು ಬೇಡ. ‘ತುಂಬಾ ಕಷ್ಟ’ ಅಂದರೆ ತಲೆಯಾಡಿಸಿ ಕಳಿಸುತ್ತಾರೆ, ತಾರೀಖು ಓದಿದರೆ ಹಾಗೆ ಮಾಡೋದು ಕಷ್ಟ.

ಮತ್ತೆ ‘ಆಗಲ್ಲ’ ಅಂದರೆ ಜಗಳ ಬೇಡ, ಹಿಂಬರಹ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಕೊಡಿ ಅನ್ನಿ. ಬಾಯಲ್ಲಿ ಹೇಳಿದವರು ಕಾರಣ ಬರೆದು ಸಹಿ ಹಾಕಲು ಯೋಚಿಸುತ್ತಾರೆ. ಹಿಂಬರಹ ಸಿಕ್ಕಿದರೆ ನನಗೂ ಒಂದು ಪ್ರತಿ ಕಳಿಸಿ, ಮುಂದಿನದು ಆಮೇಲೆ ನೋಡೋಣ.